ನಿಂತ ಕಾರಿನ ಬಾಗಿಲು: ತಪ್ಪು ಯಾರದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳ ಯಾವ ಪೇಟೆ ರಸ್ತೆಯಲ್ಲಿ ನಿಂತರೂ ಒಂದು ಜಗಳ ಕಿವಿಗೆ ಬೀಳುವ ಸಂಭವವಿದೆ. ಕಾರು ರಸ್ತೆಯ ಎಡಬದಿಗೆ ನಿಂತಿರುತ್ತದೆ. ಚಾಲಕ ಇಳಿಯಲೆಂದು ಬಲಗಡೆಯ ಬಾಗಿಲು ತೆಗೆಯುತ್ತಾನೆ. ಅದೇ ಹೊತ್ತಿಗೆ ಹಿಂದಿನಿಂದ ಬಂದ ಬೈಕೋ ಟಂಟಮೋ ಆ ಬಾಗಿಲಿಗೆ ಬಡಿಯುತ್ತದೆ. ಬಾಗಿಲು ಸೊಟ್ಟಗಾಗುತ್ತದೆ, ಬೈಕಿನವ ನೆಲಕ್ಕೆ ಬೀಳುತ್ತಾನೆ, ಐದು ನಿಮಿಷದಲ್ಲಿ ಐವತ್ತು ಜನ ಸೇರುತ್ತಾರೆ.

“ನಮ್ಮ ಗಾಡಿ ನಿಂತಿತ್ತು, ನೀನ ಬಂದು ಬಡದಿ” ಎಂಬುದು ಕಾರಿನವನ ವಾದ. “ಹಿಂದ ನೋಡದ ಡೋರ್ ತಗದ್ರ ನಾ ಏನ್ ಮಾಡ್ಲಿ?” ಎಂಬುದು ಬೈಕಿನವನ ವಾದ. ಇಬ್ಬರೂ ಹೇಳುತ್ತಿರುವುದು ನಿಜವೇ. ಗಾಡಿ ನಿಂತಿತ್ತು, ಬಾಗಿಲೂ ತೆರೆಯಿತು. ಹೀಗಿರುವಾಗ ತಪ್ಪು ಯಾರದು ಎಂಬ ಪ್ರಶ್ನೆಗೆ ಪೇಟೆಯ ಜನ, ಪೊಲೀಸರು, ವಿಮಾ ಕಂಪನಿ, ನ್ಯಾಯಾಲಯ ಬೇರೆ ಬೇರೆ ದಾರಿಯಲ್ಲಿ ಉತ್ತರ ಹುಡುಕುತ್ತಾರೆ. ಆ ದಾರಿಗಳನ್ನೆಲ್ಲ ಒಂದೆಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ವಿಷಯ ಸಣ್ಣದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಸಚಿವಾಲಯದ ವಾರ್ಷಿಕ ವರದಿಯಲ್ಲಿ ‘ನಿಂತ ವಾಹನಕ್ಕೆ ಡಿಕ್ಕಿ’ ಎಂಬ ಕಲಮು ಇದೆ, ಬಾಗಿಲಿಗೆ ಬಡಿದು ಬಿದ್ದವರಿಗೆ ಪ್ರತ್ಯೇಕ ಕಲಮು ಇಲ್ಲ. ಲೆಕ್ಕಕ್ಕೆ ಸಿಗದ ಅಪಘಾತ ಗಮನಕ್ಕೂ ಸಿಗುವುದಿಲ್ಲ.

ಬಾಗಿಲು ಜೀವವನ್ನೂ ತೆಗೆಯಬಲ್ಲದು. 2024ರ ಏಪ್ರಿಲ್ 8ರಂದು ಬೆಂಗಳೂರಿನ ಕೆ.ಆರ್. ಪುರದಲ್ಲಿ ಲೋಕಸಭಾ ಚುನಾವಣೆಯ ಪ್ರಚಾರ ನಡೆದಿತ್ತು. ಆಗ ಕೇಂದ್ರ ಸಚಿವೆ ಶೋಭಾ ಕರಂದ್ಲಾಜೆ ಅವರ ಕಾರಿನ ಬಾಗಿಲು ತೆರೆದುಕೊಂಡು, ಸ್ಕೂಟರಿನಲ್ಲಿ ಬರುತ್ತಿದ್ದ ಅವರದೇ ಪಕ್ಷದ ಕಾರ್ಯಕರ್ತರೊಬ್ಬರು ಅದಕ್ಕೆ ಬಡಿದು ಬಿದ್ದರು. ಹಿಂದಿನಿಂದ ಬಂದ ಬಸ್ಸು ಅವರ ಮೇಲೆ ಹರಿಯಿತು, ಅವರು ಉಳಿಯಲಿಲ್ಲ. ಪೊಲೀಸರು ಕಾರಿನ ಚಾಲಕ ಮತ್ತು ಬಸ್ಸಿನ ಚಾಲಕ ಇಬ್ಬರ ಮೇಲೂ ಪ್ರಕರಣ ದಾಖಲಿಸಿದರು. ಬಾಗಿಲಿನ ಅಪಘಾತಗಳ ಸ್ವರೂಪವೇ ಇಂಥದ್ದು. ಮೊದಲ ಪೆಟ್ಟು ಹಗುರವಾಗಿರಬಹುದು, ಆದರೆ ಬಿದ್ದವನು ಬೀಳುವುದು ರಸ್ತೆಯ ನಡುವಿಗೆ, ಹಿಂದೆ ಬರುವ ಗಾಲಿಗಳ ದಾರಿಗೆ.

ಪೇಟೆಯ ಎರಡು ತೀರ್ಪು

ಜನ ಸೇರಿದಲ್ಲಿ ಎರಡು ತೀರ್ಪು ತಕ್ಷಣ ಹೊರಬೀಳುತ್ತವೆ. “ಹಿಂದಿನಿಂದ ಬಂದು ಹೊಡೆದವಂದೇ ತಪ್ಪು” ಎಂಬುದು ಒಂದು. “ದೊಡ್ಡ ಗಾಡಿಯವಂದೇ ತಪ್ಪು” ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕಾರಿನವ ಗೆಲ್ಲುತ್ತಾನೆ, ಎರಡನೆಯದರಲ್ಲಿ ಬೈಕಿನವ. ಯಾವ ತೀರ್ಪು ನಿಲ್ಲುತ್ತದೆ ಎಂಬುದು ಹಲವು ಸಲ ಯಾರ ಕಡೆಯವರು ಹೆಚ್ಚು ಸೇರಿದ್ದಾರೆ, ಯಾರಿಗೆ ಗಾಯವಾಗಿದೆ, ಯಾರು ಯಾವ ಊರಿನವರು ಎಂಬುದರ ಮೇಲೆ ನಿಲ್ಲುತ್ತದೆ.

ಎರಡೂ ತೀರ್ಪಿಗೆ ಸ್ವಲ್ಪ ಆಧಾರವಿದೆ, ಎರಡೂ ಅಪೂರ್ಣ. ಹಿಂದೆ ಬರುವವನು ಮುಂದಿನ ವಾಹನದಿಂದ ಸಾಕಷ್ಟು ಅಂತರ ಇಟ್ಟುಕೊಳ್ಳಬೇಕೆಂಬುದು ಕಾನೂನೇ. ಆದರೆ ಆ ನಿಯಮ ಹುಟ್ಟಿದ್ದು ಒಂದರ ಹಿಂದೊಂದು ಚಲಿಸುವ ವಾಹನಗಳಿಗಾಗಿ. ಬದಿಗೆ ನಿಂತ ಕಾರಿನ ಪಕ್ಕದಲ್ಲಿ ನೇರ ಹೋಗುತ್ತಿರುವವನ ದಾರಿಗೆ ಏಕಾಏಕಿ ಲೋಹದ ಹಲಗೆಯೊಂದು ಚಾಚಿಕೊಂಡರೆ ಅದಕ್ಕೆ ‘ಹಿಂದಿನಿಂದ ಹೊಡೆದ’ ಎಂಬ ಮಾತು ಹೊಂದುವುದಿಲ್ಲ. ಇನ್ನು ದೊಡ್ಡ ಗಾಡಿಯ ಮಾತು. ಕಾರು ದೊಡ್ಡದೆಂಬ ಕಾರಣಕ್ಕೆ ತಪ್ಪು ಅದರದಾಗುವುದಿಲ್ಲ. ಬಾಗಿಲು ಅರ್ಧ ಗಳಿಗೆಯಿಂದ ತೆರೆದೇ ಇದ್ದು, ಹಗಲು ಬೆಳಕಿನಲ್ಲಿ ದೂರದಿಂದಲೇ ಕಾಣುತ್ತಿದ್ದು, ಮೊಬೈಲು ನೋಡುತ್ತ ಬಂದವನು ಅದಕ್ಕೆ ಬಡಿದರೆ ಹೊಣೆ ಅವನದೇ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಯಾರು ನಿಂತಿದ್ದರು, ಯಾರು ಚಲಿಸುತ್ತಿದ್ದರು ಎಂಬುದಲ್ಲ. ಬಾಗಿಲು ಯಾವಾಗ ತೆರೆಯಿತು, ಅದನ್ನು ಕಂಡು ತಪ್ಪಿಸಿಕೊಳ್ಳಲು ಬರುವವನಿಗೆ ಹೊತ್ತು ಮತ್ತು ಜಾಗ ಇತ್ತೇ ಎಂಬುದು. ಉಳಿದ ವಾದವೆಲ್ಲ ಇದರ ಸುತ್ತ ತಿರುಗುತ್ತದೆ.

ಸೆಕೆಂಡುಗಳ ಲೆಕ್ಕ

ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಅಪಾಯ ಕಣ್ಣಿಗೆ ಬಿದ್ದು, ಮನಸ್ಸಿಗೆ ತಟ್ಟಿ, ಕೈ ಬ್ರೇಕು ಹಿಡಿಯುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡು ಕಳೆಯುತ್ತದೆ. ಆಗಲೇ 16–17 ಮೀಟರ್ ಹೋಗಿರುತ್ತದೆ. ಒಣ ಡಾಂಬರಿನ ಮೇಲೆ ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಇನ್ನೂ ಹತ್ತು ಮೀಟರ್ ಬೇಕು. ಒಟ್ಟು 26–27 ಮೀಟರ್. ನಮ್ಮ ಪೇಟೆ ರಸ್ತೆಗಳ ಅಂಚಿನಲ್ಲಿ ಸದಾ ಇರುವ ಮಣ್ಣು, ಮರಳಿನ ಮೇಲೆ ಅದಕ್ಕೂ ಹೆಚ್ಚು. ವೇಗ 25 ಕಿ.ಮೀ. ಇದ್ದರೆ ಒಟ್ಟು 15 ಮೀಟರಿನೊಳಗೆ ನಿಲ್ಲಬಹುದು.

ಕಾರಿನ ಬಾಗಿಲು ಪೂರ್ತಿ ತೆರೆದರೆ ಹೆಚ್ಚೂಕಡಿಮೆ ಒಂದು ಮೀಟರ್ ರಸ್ತೆಗೆ ಚಾಚುತ್ತದೆ. ತೆರೆಯಲು ಒಂದು ಸೆಕೆಂಡು ಸಾಕು. ಬೈಕು ಆರೆಂಟು ಮೀಟರ್ ದೂರದಲ್ಲಿದ್ದಾಗ ಬಾಗಿಲು ತೆರೆದರೆ ಎಂಥ ನುರಿತ ಸವಾರನೂ ಬ್ರೇಕಿನಿಂದ ಬಚಾವಾಗಲಾರ. ಬಲಕ್ಕೆ ಹೊರಳಿಸಿದರೆ ಎದುರಿನಿಂದಲೋ ಹಿಂದಿನಿಂದಲೋ ಬರುವ ಕೆಕೆಆರ್‌ಟಿಸಿ ಬಸ್ಸಿಗೆ ಸಿಗುತ್ತಾನೆ. ಬಾಗಿಲು ತೆರೆಯಲಿದೆ ಎಂಬುದು ಹೊರಗಿನವನಿಗೆ ಗೊತ್ತಾಗುವ ಮೊದಲು ಒಳಗಿನವನಿಗೆ ಗೊತ್ತಿರುತ್ತದೆ. ಕನ್ನಡಿ ನೋಡಲು, ತಿರುಗಿ ನೋಡಲು, ಎರಡು ಸೆಕೆಂಡು ಕಾಯಲು ಅವನಿಗೆ ಅವಕಾಶವಿದೆ. ಸವಾರನಿಗೆ ಆ ಅವಕಾಶವಿಲ್ಲ. ಮೊದಲ ಹೊಣೆ ಬಾಗಿಲು ತೆಗೆಯುವವನದು ಎಂದು ಹೇಳಲು ಇದೇ ಆಧಾರ.

ಆದರೂ ಸವಾರನ ಕರ್ತವ್ಯ ಸೊನ್ನೆಯಾಗುವುದಿಲ್ಲ. ಸಾಲಾಗಿ ಕಾರು ನಿಂತ ಕಡೆ ಒಂದು ಮೀಟರಿಗಿಂತ ಹತ್ತಿರ ಸವರಿಕೊಂಡು ವೇಗವಾಗಿ ಹೋಗುವುದು ಅಜಾಗರೂಕತೆಯೇ. ಈಗಷ್ಟೇ ನಿಂತ ಕಾರು, ಒಳಗೆ ಅಲುಗುವ ತಲೆ, ಇನ್ನೂ ಉರಿಯುವ ಬ್ರೇಕ್ ದೀಪ ಕಂಡರೆ ಬಾಗಿಲು ತೆರೆಯಬಹುದೆಂದು ಊಹಿಸಬೇಕು.

ಕಾಯ್ದೆಯಲ್ಲಿ ಏನಿದೆ

1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ, ಬೇರೆಯವರಿಗೆ ಅಪಾಯ, ಅಡಚಣೆ ಅಥವಾ ತೊಂದರೆಯಾಗುವಂಥ ಜಾಗದಲ್ಲಿ, ಸ್ಥಿತಿಯಲ್ಲಿ ವಾಹನ ನಿಲ್ಲಿಸಬಾರದು ಎನ್ನುತ್ತದೆ. ಇಲ್ಲಿ ‘ಸ್ಥಿತಿ’ ಎಂಬುದನ್ನು ಗಮನಿಸಬೇಕು. ಸರಿಯಾದ ಜಾಗದಲ್ಲೇ ನಿಂತಿದ್ದರೂ ರಸ್ತೆಗೆ ಬಾಗಿಲು ಚಾಚಿಕೊಂಡು ನಿಂತ ಕಾರು ಅಪಾಯದ ಸ್ಥಿತಿಯಲ್ಲಿದೆ ಎಂದು ವಾದಿಸಲು ಇದು ಆಧಾರ. 1989ರ ರಸ್ತೆ ನಿಯಮಾವಳಿಯ 15ನೇ ನಿಯಮ ಎಲ್ಲೆಲ್ಲಿ ನಿಲ್ಲಿಸಬಾರದೆಂದು ಪಟ್ಟಿ ಮಾಡಿತ್ತು: ರಸ್ತೆ ಕೂಡುವಲ್ಲಿ, ತಿರುವಿನಲ್ಲಿ, ಪಾದಚಾರಿ ಮಾರ್ಗದ ಮೇಲೆ, ನಿಂತ ಇನ್ನೊಂದು ವಾಹನದ ಪಕ್ಕದಲ್ಲಿ ಅಥವಾ ಎದುರಿಗೆ, ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆಯ ಬಾಗಿಲ ಬಳಿ, ರಾಂಗ್ ಸೈಡಿನಲ್ಲಿ. ಆ ನಿಯಮಾವಳಿಯ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದಿದೆ. ಕಾರು ಹೀಗೆ ನಿಷೇಧಿತ ಜಾಗದಲ್ಲಿ ನಿಂತಿದ್ದರೆ ಬಾಗಿಲಿನ ವಾದ ಆರಂಭವಾಗುವ ಮೊದಲೇ ಕಾರಿನವನ ಪಕ್ಷ ದುರ್ಬಲವಾಗುತ್ತದೆ.

ಕ್ರಿಮಿನಲ್ ಕಾನೂನಿನಲ್ಲಿ ಒಂದು ತೊಡಕಿದೆ. ಅಪಘಾತವೆಂದರೆ ಠಾಣೆಯಲ್ಲಿ ಮೊದಲು ನೆನಪಾಗುವುದು ಹಳೆಯ ಐಪಿಸಿ 279, ಈಗಿನ ಭಾರತೀಯ ನ್ಯಾಯ ಸಂಹಿತೆಯ 281. ಅದು ದುಡುಕಿನಿಂದ ವಾಹನ ‘ಓಡಿಸುವ’ ಅಪರಾಧ. ನಿಂತ ಕಾರಿನ ಬಾಗಿಲು ತೆಗೆದವನು ಆ ಹೊತ್ತಿಗೆ ಓಡಿಸುತ್ತಿರಲಿಲ್ಲ. ಹಾಗೆಂದು ಅವನು ಕಾನೂನಿನಿಂದ ಹೊರಗಿಲ್ಲ. ಸಾರ್ವಜನಿಕ ದಾರಿಯಲ್ಲಿ ಅಪಾಯ, ಅಡಚಣೆ ಉಂಟುಮಾಡುವುದಕ್ಕೆ 285ನೇ ಕಲಂ ಇದೆ. ಹಳೆಯ ಐಪಿಸಿ 283ರಲ್ಲಿ ಇದಕ್ಕೆ ದಂಡ 200 ರೂಪಾಯಿ ಇತ್ತು, 2024ರ ಜುಲೈ 1ರಿಂದ 5,000 ರೂಪಾಯಿವರೆಗೆ ಏರಿದೆ. ಅಜಾಗರೂಕ ಕೃತ್ಯದಿಂದ ಗಾಯವಾದರೆ 125, ಸಾವಾದರೆ 106(1) ಅನ್ವಯಿಸುತ್ತವೆ. ಇವೆರಡಕ್ಕೂ ವಾಹನ ಓಡುತ್ತಿರಲೇಬೇಕೆಂಬ ಷರತ್ತಿಲ್ಲ. “ಗಾಡಿ ನಿಂತಿತ್ತು, ಕೇಸ್ ಆಗೋದಿಲ್ಲ” ಎಂದು ಠಾಣೆಯ ಮುಂದೆ ಯಾರಾದರೂ ಹೇಳಿದರೆ ಅದು ತಪ್ಪು ತಿಳಿವಳಿಕೆ.

ಪರಿಹಾರದ ಕಾನೂನಿನಲ್ಲಿಯೂ ಇದೇ ಅನುಮಾನ ಎದ್ದಿತ್ತು. ನಿಂತ ವಾಹನದಿಂದ ಆದ ಹಾನಿ ವಾಹನದ ‘ಬಳಕೆ’ಯಿಂದ ಆದದ್ದೇ? ಮಹಾರಾಷ್ಟ್ರದ ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರೊಂದು ಡಿಕ್ಕಿಯಾಗಿ ಉರುಳಿ, ಗಂಟೆಗಳ ನಂತರ ಸ್ಫೋಟಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಉತ್ತರ ಕೊಟ್ಟಿದೆ. ವಾಹನ ಚಲಿಸದೆ ನಿಂತಿದ್ದರೂ ಅದು ಬಳಕೆಯಲ್ಲಿದೆ ಎನ್ನಬಹುದು ಎಂಬುದು ಆ ತೀರ್ಪಿನ ಸಾರ. ಇಳಿಯಲು ಬಾಗಿಲು ತೆಗೆಯುವುದಕ್ಕಿಂತ ಸಹಜವಾದ ಬಳಕೆ ಇನ್ನಾವುದಿದೆ?

ನ್ಯಾಯಾಲಯಗಳು ನಡೆದ ದಾರಿ

ಬಾಗಿಲಿನ ವ್ಯಾಜ್ಯಗಳನ್ನು ಅಳೆಯಲು ನಿಂತ ವಾಹನಗಳ ಕುರಿತ ತೀರ್ಪುಗಳೇ ಹತ್ತಿರದ ಅಳತೆಗೋಲು. 2018ರಲ್ಲಿ ಸುಪ್ರೀಂ ಕೋರ್ಟಿನಿಂದ ಎರಡು ತೀರ್ಪು ಬಂದವು. ಒಂದರಲ್ಲಿ ದೀಪವಿಲ್ಲದೆ ರಸ್ತೆ ಮಧ್ಯೆ ನಿಂತ ಗ್ಯಾಸ್ ಟ್ಯಾಂಕರಿಗೆ ಕಾರು ಬಡಿದಿತ್ತು. ಹೈಕೋರ್ಟ್ ತಪ್ಪನ್ನು ಅರ್ಧರ್ಧ ಹಂಚಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಪೂರ್ತಿ ಹೊಣೆ ಟ್ಯಾಂಕರಿನದು ಎಂದಿತು. ಇನ್ನೊಂದರಲ್ಲಿ ಮುಂದೆ ಹೋಗುತ್ತಿದ್ದ ಲಾರಿಗೆ ಕಾರು ಹಿಂದಿನಿಂದ ಬಡಿದಿತ್ತು. ಅಲ್ಲಿ ಸಾಕಷ್ಟು ಅಂತರ ಇಡದ ಕಾರಿನ ಚಾಲಕನದೇ ತಪ್ಪೆಂದು ಹೇಳಿತು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ಹೋದ ಮೇಲ್ಮನವಿಯಲ್ಲಿ, ಎಚ್ಚರಿಕೆಯ ಗುರುತಿಲ್ಲದೆ ಹೆದ್ದಾರಿ ನಡುವೆ ಬಿಟ್ಟಿದ್ದ ಟ್ರೈಲರ್ ಲಾರಿಗೆ ಬಡಿದ ಕಾರಿನವರ ಮೇಲೂ ಅರ್ಧ ತಪ್ಪು ಹೊರಿಸಿದ್ದ ತೀರ್ಮಾನವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಚಾಲಕನ ತಪ್ಪನ್ನು ಕಾರಿನಲ್ಲಿ ಕೂತ ಪ್ರಯಾಣಿಕರ ತಲೆಗೆ ಕಟ್ಟಲಾಗದು ಎಂದೂ ಹೇಳಿತು.

ಈ ಮೂರನ್ನೂ ಒಟ್ಟಿಗೆ ಓದಿದರೆ ದಾರಿ ಸ್ಪಷ್ಟವಾಗುತ್ತದೆ. ನಿಂತಿದ್ದೇ ನಿರ್ದೋಷಿತ್ವಕ್ಕೆ ಸಾಕ್ಷಿಯಲ್ಲ, ಬಡಿದದ್ದೇ ತಪ್ಪಿಗೆ ಸಾಕ್ಷಿಯಲ್ಲ. ಬರುವವನಿಗೆ ಎಚ್ಚರಿಕೆ ಸಿಕ್ಕಿತ್ತೇ ಎಂಬುದನ್ನೇ ನ್ಯಾಯಾಲಯ ಕೇಳುತ್ತದೆ.

ಇನ್ನು ಗಾಯಾಳುವಿನ ಇತರ ತಪ್ಪುಗಳ ಮಾತು. “ಲೈಸೆನ್ಸ್ ಇಲ್ಲ”, “ಮೂರು ಮಂದಿ ಕುಂತಿದ್ರು” ಎಂದು ಎದುರು ಪಕ್ಷ ಕೂಗುವುದು ನಮ್ಮಲ್ಲಿ ಸಾಮಾನ್ಯ. ಲೈಸೆನ್ಸ್ ಇಲ್ಲದ ಮಾತ್ರಕ್ಕೆ ಅಪಘಾತದಲ್ಲಿ ಅವನ ಪಾಲಿನ ತಪ್ಪು ಇದೆ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಮೂರು ಜನ ಕೂತದ್ದು ಕಾನೂನು ಉಲ್ಲಂಘನೆಯಾದರೂ, ಅದರಿಂದಲೇ ಅಪಘಾತವಾಯಿತೆಂದು ತೋರಿಸದೆ ಪರಿಹಾರ ಕಡಿತ ಮಾಡುವಂತಿಲ್ಲ ಎಂದು 2020ರಲ್ಲಿ ಹೇಳಿದೆ. ಅಂಥವರಿಗೆ ದಂಡ ಹಾಕುವುದು ಬೇರೆ, ಅವರ ಮುರಿದ ಕಾಲಿಗೆ ಅವರನ್ನೇ ಹೊಣೆ ಮಾಡುವುದು ಬೇರೆ.

ತಪ್ಪು ಇಬ್ಬರದೂ ಇದ್ದರೆ ಲೆಕ್ಕ ಹೇಗೆ? ಉದಾಹರಣೆಗೆ ಪರಿಹಾರ 4 ಲಕ್ಷ ರೂಪಾಯಿ ಎಂದು ನಿಗದಿಯಾಯಿತೆನ್ನೋಣ. ಬೈಕ್ ಸವಾರನ ಪಾಲು ಶೇ 25 ಎಂದರೆ ಅವನಿಗೆ 3 ಲಕ್ಷ ಸಿಗುತ್ತದೆ. ಆದರೆ ಹಿಂದೆ ಕೂತಿದ್ದ ಅವನ ಹೆಂಡತಿಗೋ ಮಗನಿಗೋ ಪೆಟ್ಟಾಗಿದ್ದರೆ ಕಡಿತವಿಲ್ಲ. ಅವರ ಪಾಲಿಗೆ ಅದು ಬೇರೆಯವರಿಬ್ಬರ ಕೂಡು ತಪ್ಪು. ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಪಡೆಯಬಹುದು ಎಂಬುದನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದೆ. ಹಿಂದೆ ಕೂತವರು ಈ ಹಕ್ಕನ್ನು ತಿಳಿಯದೆ ಸವಾರನ ಕೇಸಿನ ಜೊತೆಗೇ ಕೈಬಿಡುವುದು ಬೇಸರದ ಸಂಗತಿ.

ಪೆಟ್ಟಿನ ಗುರುತು ಓದುವುದು

ಬಾಗಿಲು ಯಾವಾಗ ತೆರೆಯಿತು ಎಂಬುದಕ್ಕೆ ಸಾಕ್ಷಿ ಹೇಳುವವರು ಹಲವು ಸಲ ಸಿಗುವುದಿಲ್ಲ. ಸದ್ದು ಕೇಳಿದ ಮೇಲೆಯೇ ಜನ ತಿರುಗಿ ನೋಡಿರುತ್ತಾರೆ. ಆದರೆ ತಗಡು ಸಾಕ್ಷಿ ಹೇಳುತ್ತದೆ.

ಕಾರಿನ ಬಾಗಿಲಿನ ಕೀಲು ಮುಂಭಾಗದಲ್ಲಿರುತ್ತದೆ, ತೆರೆಯುವ ಅಂಚು ಹಿಂಭಾಗದಲ್ಲಿ. ಬಾಗಿಲು ಪೂರ್ತಿ ತೆರೆದು ನಿಂತಿದ್ದಾಗ ಹಿಂದಿನಿಂದ ಗಾಡಿ ಬಂದರೆ ಪೆಟ್ಟು ಬೀಳುವುದು ಬಾಗಿಲಿನ ಒಳಮೈಗೆ. ಬಾಗಿಲು ಮುಂದಕ್ಕೆ ಮಡಚಿಕೊಂಡು ಕೀಲು ತಿರುಚಿ, ಮುಂದಿನ ಫೆಂಡರಿನ ತಗಡು ಜಜ್ಜುತ್ತದೆ. ಬಡಿದ ಗಾಡಿಯ ಗುರುತು ಅದರ ಮುಂಭಾಗದಲ್ಲಿರುತ್ತದೆ: ಹೆಡ್‌ಲೈಟು, ಮಡ್‌ಗಾರ್ಡು, ಬಂಪರು. ಇಂಥ ಗುರುತು ಇದ್ದರೆ ಬಾಗಿಲು ಮೊದಲೇ ತೆರೆದಿತ್ತು, ಬರುವವನಿಗೆ ನೋಡಲು ಅವಕಾಶವಿತ್ತು ಎನ್ನುವ ವಾದಕ್ಕೆ ಬಲ ಬರುತ್ತದೆ.

ಗಾಡಿ ಪಕ್ಕದಲ್ಲಿ ಹಾಯುತ್ತಿರುವಾಗ ಬಾಗಿಲು ತೆರೆದರೆ ಗುರುತು ಬೇರೆ. ಬಾಗಿಲಿನ ಹಿಂದಿನ ಅಂಚು ಮಾತ್ರ ಮಡಚಿರುತ್ತದೆ. ಹಾಯ್ದ ಗಾಡಿಯ ಮುಂಭಾಗಕ್ಕೆ ಏನೂ ಆಗಿರುವುದಿಲ್ಲ. ಅದರ ಎಡಮಗ್ಗುಲಿನಲ್ಲಿ, ಮಧ್ಯದಿಂದ ಹಿಂದಕ್ಕೆ ಗೀರು ಎಳೆದಿರುತ್ತದೆ. ಬೈಕಾದರೆ ಎಡಗಡೆಯ ಹ್ಯಾಂಡಲ್ ತುದಿ, ಲೆಗ್‌ಗಾರ್ಡು, ಸವಾರನ ಎಡ ಮೊಣಕಾಲು ಪೆಟ್ಟು ತಿಂದಿರುತ್ತವೆ. ಇಲ್ಲಿ ಸವಾರನಿಗೆ ಏನೂ ಮಾಡಲು ಹೊತ್ತಿರಲಿಲ್ಲ ಎಂಬುದು ಬಹುಪಾಲು ಸ್ಪಷ್ಟ.

ಮೂರನೆಯ ಬಗೆ, ರಾಂಗ್ ಸೈಡಿನಲ್ಲಿ ನಿಂತ ಕಾರು. ಅಲ್ಲಿ ರಸ್ತೆಗೆ ತೆರೆಯುವುದು ಚಾಲಕನದಲ್ಲ, ಎಡಗಡೆ ಕೂತವರ ಬಾಗಿಲು. ಎದುರಿನಿಂದ ಬರುವ ಗಾಡಿ ಬಾಗಿಲಿನ ಹೊರಮೈಗೆ ಬಡಿದು ಅದನ್ನು ಒಳಕ್ಕೆ ಮುಚ್ಚುತ್ತದೆ. ಇಳಿಯುತ್ತಿದ್ದವರ ಕಾಲು ನಡುವೆ ಸಿಕ್ಕು ಮುರಿಯುವುದು ಇಂಥಲ್ಲಿ.

ಒಂದು ಎಚ್ಚರಿಕೆಯೂ ಬೇಕು. ಪಂಚನಾಮೆಯಲ್ಲಿ ಕಾಣುವ ವಾಹನಗಳ ಸ್ಥಾನ ಒಂದರಿಂದಲೇ ಯಾರ ತಪ್ಪೆಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಗುರುತು, ಸಾಕ್ಷಿ, ಅಂಗಡಿಯ ಸಿಸಿಟಿವಿ, ವೈದ್ಯರ ಗಾಯದ ವಿವರ ಇವೆಲ್ಲ ಒಂದಕ್ಕೊಂದು ಹೊಂದಬೇಕು. ಪರಿಹಾರದ ಕೇಸಿನಲ್ಲಿ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಬೇಕಿಲ್ಲ. ಯಾವುದು ಹೆಚ್ಚು ಸಂಭವನೀಯ ಎಂಬುದು ಸಾಕು. ಆದ್ದರಿಂದ ಗಾಡಿ ಸರಿಸುವ ಮೊದಲು ತೆಗೆದ ನಾಲ್ಕು ಫೋಟೊ ಗಂಟೆಗಟ್ಟಲೆ ವಾದಕ್ಕಿಂತ ಹೆಚ್ಚು ಬೆಲೆಯವು. ಕಾರಿನಿಂದ ರಸ್ತೆಯ ಅಂಚಿಗೆ ಎಷ್ಟು ದೂರ, ಬಾಗಿಲು ಎಷ್ಟು ತೆರೆದಿದೆ, ಪೆಟ್ಟಿನ ಜಾಗ ಎರಡೂ ಗಾಡಿಗಳಲ್ಲಿ ಎಲ್ಲಿದೆ, ಬ್ರೇಕಿನ ಗುರುತು ಇದೆಯೇ ಎಂಬುದು ಆ ಫೋಟೊಗಳಲ್ಲಿ ಕಾಣಬೇಕು.

ಬಾಗಿಲು ತೆಗೆದವರು ಪ್ರಯಾಣಿಕರಾದರೆ

ಬಾಡಿಗೆ ಕ್ರೂಸರಿನಲ್ಲಿ, ಮದುವೆಗೆ ಹೊರಟ ಕಾರಿನಲ್ಲಿ ಬಾಗಿಲು ತೆಗೆಯುವುದು ಹೆಚ್ಚಾಗಿ ಹಿಂದೆ ಕೂತವರು, ಅದರಲ್ಲೂ ಮಕ್ಕಳು. ಆಗ ಹೊಣೆ ಯಾರದು? ತೆಗೆದವರದು ಎಂಬುದು ಸಹಜ ಉತ್ತರ. ಆದರೆ ಪರಿಹಾರ ಕೊಡುವ ಶಕ್ತಿ ಇರುವುದು ವಿಮೆಗೆ. ವಿಮೆ ಇರುವುದು ಮಾಲೀಕನ ಹೆಸರಿನಲ್ಲಿ. ಪ್ರಯಾಣಿಕನ ಕೃತ್ಯಕ್ಕೆ ನಾವು ಬಾಧ್ಯರಲ್ಲ ಎಂದು ಕಂಪನಿ ವಾದಿಸಬಹುದು. ಇಳಿಸಲು ಅಪಾಯದ ಜಾಗ ಆರಿಸಿದ್ದು, ಇಳಿಯಿರಿ ಎಂದದ್ದು, ಹಿಂದೆ ಗಾಡಿ ಬರುತ್ತಿದೆ ಎಂದು ಎಚ್ಚರಿಸದಿದ್ದುದು ಚಾಲಕ ಎಂಬುದು ಅದಕ್ಕೆ ಗಾಯಾಳುವಿನ ಉತ್ತರ. ನನ್ನ ಅಭಿಪ್ರಾಯದಲ್ಲಿ ಎರಡನೆಯ ವಾದವೇ ನ್ಯಾಯಕ್ಕೆ ಹತ್ತಿರ. ವಾಹನದ ಉಸ್ತುವಾರಿ ಚಾಲಕನದು, ಎಂಜಿನ್ ಬಂದಾದ ಕೂಡಲೆ ಅದು ಮುಗಿಯುವುದಿಲ್ಲ. ಹಿಂದಿನ ಬಾಗಿಲುಗಳಿಗೆ ಚೈಲ್ಡ್ ಲಾಕ್ ಕೊಟ್ಟಿರುವುದು ಇಂಥದಕ್ಕೇ. ಸ್ವಂತ ಕಾರಿನ ಬಲಗಡೆಯ ಹಿಂಬಾಗಿಲಿಗೆ ಅದನ್ನು ಹಾಕಿಟ್ಟರೆ ಎಲ್ಲರೂ ಎಡಗಡೆಯಿಂದಲೇ ಇಳಿಯುತ್ತಾರೆ.

ವಿಮೆ, ರಾಜಿ ಮತ್ತು ಎಂ.ವಿ.ಸಿ. ಕೇಸು

ತಗಡಿಗಷ್ಟೇ ಪೆಟ್ಟಾದ ಪ್ರಕರಣಗಳು ಹೆಚ್ಚಾಗಿ ಸ್ಥಳದಲ್ಲೇ ಮುಗಿಯುತ್ತವೆ. ಅದಕ್ಕೆ ಕಾರಣವೂ ಇದೆ. ಸ್ವಂತ ಹಾನಿಯ ಕ್ಲೇಮು ಹಾಕಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷ ಶೇ 20ರಿಂದ ಶುರುವಾಗಿ ಐದು ವರ್ಷದಲ್ಲಿ ಶೇ 50ಕ್ಕೆ ಏರುವ ರಿಯಾಯಿತಿ ಅದು. ಸಣ್ಣ ಡೆಂಟಿಂಗ್–ಪೇಂಟಿಂಗ್ ಖರ್ಚಿಗೆ ಅದನ್ನು ಕಳೆದುಕೊಳ್ಳಲು ಯಾರೂ ಒಪ್ಪುವುದಿಲ್ಲ. ಇಬ್ಬರೂ ತಮ್ಮ ತಮ್ಮ ಖರ್ಚು ತಾವೇ ನೋಡಿಕೊಳ್ಳುವುದೋ, ಹಿರಿಯರ ಮಾತಿನಂತೆ ಹಂಚಿಕೊಳ್ಳುವುದೋ ಇಲ್ಲಿ ತಪ್ಪಲ್ಲ.

ಮೈಗೆ ಗಾಯವಾದಾಗ ಮಾತು ಬೇರೆ. ರಸ್ತೆಯಲ್ಲೇ ಎರಡು ಮೂರು ಸಾವಿರ ಕೊಟ್ಟು “ಮುಗೀತು” ಎಂದು ಬರೆಸಿಕೊಳ್ಳುವ ರೂಢಿ ಅಪಾಯಕಾರಿ. ಮೊಣಕಾಲಿನ ಒಳಪೆಟ್ಟು, ತಲೆಯ ಪೆಟ್ಟು ಮರುದಿನ, ಮರುವಾರ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಪಂಚನಾಮೆ ಇಲ್ಲ, ಫಿರ್ಯಾದಿ ಇಲ್ಲ, ಕಾರು ರಿಪೇರಿಯಾಗಿ ಗುರುತೂ ಇಲ್ಲ. ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು, ವಿಮಾ ಕಂಪನಿಗೆ ಬರೆದು ತಿಳಿಸುವುದು ವಾಹನದ ಚಾಲಕನ ಅಥವಾ ಉಸ್ತುವಾರಿಯವನ ಕರ್ತವ್ಯ. ತಪ್ಪು ತನ್ನದಲ್ಲ ಎಂದು ನಂಬಿದವನಿಗೂ ಇದರಿಂದ ವಿನಾಯಿತಿ ಇಲ್ಲ. ಪೊಲೀಸರು ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ ಪರಿಹಾರ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕೆಂಬ ನಿಯಮ 2022ರಿಂದ ಇದೆ.

ಪರಿಹಾರ ಕೋರುವ ಎಂ.ವಿ.ಸಿ. ಕೇಸಿಗಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಅಪಘಾತವಾದ ಜಾಗ, ಅರ್ಜಿದಾರ ವಾಸಿಸುವ ಜಾಗ, ಎದುರುದಾರ ವಾಸಿಸುವ ಜಾಗ ಈ ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳೇ ನಮ್ಮಲ್ಲಿ ಈ ನ್ಯಾಯಮಂಡಳಿಯ ಕೆಲಸ ಮಾಡುತ್ತವೆ. ಮೇಲ್ಮನವಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವನ್ನು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ತಂದಿದೆ. ಹಾಗಾಗಿ ತಡ ಮಾಡದೆ ವಕೀಲರನ್ನು ಕಾಣಬೇಕು. ಅದೇ ತಿದ್ದುಪಡಿಯ 164ನೇ ಕಲಂ ಪ್ರಕಾರ, ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯುವ ದಾರಿಯೂ ಇದೆ. ಬಾಗಿಲು ಯಾವಾಗ ತೆರೆಯಿತೆಂದು ತೋರಿಸಲು ಸಾಕ್ಷಿಯೇ ಇಲ್ಲದವರಿಗೆ ಇದು ದೊಡ್ಡ ಆಸರೆ. ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ.

ವಿಮೆಯೇ ಇಲ್ಲದಿದ್ದರೆ ಈ ದಾರಿಗಳೆಲ್ಲ ಕಿರಿದಾಗುತ್ತವೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕೊಳ್ಳುವಾಗಲೇ ಬರುತ್ತದೆ. ಆ ಅವಧಿ ಮುಗಿದ ಮೇಲೆ ಮತ್ತೆ ಕಟ್ಟದವರು ನಮ್ಮ ಊರುಗಳಲ್ಲಿ ಬಹಳ. 150 ಸಿಸಿವರೆಗಿನ ಸಾಮಾನ್ಯ ಬೈಕಿಗೆ 2022ರಲ್ಲಿ ನಿಗದಿಯಾದ ವಾರ್ಷಿಕ ಥರ್ಡ್ ಪಾರ್ಟಿ ಕಂತು 714 ರೂಪಾಯಿ. ಅದನ್ನು ಉಳಿಸಲು ಹೋಗಿ ಹೊಲ ಮಾರುವ ಗತಿ ಬರಬಾರದು.

ರಸ್ತೆಯ ಪಾಲು

ಬಾಗಿಲು ತೆಗೆದವನನ್ನೂ ಬಡಿದವನನ್ನೂ ವಿಚಾರಿಸುವಾಗ ಜಾಗ ಕೊಡದ ರಸ್ತೆಯನ್ನು ಮರೆಯುತ್ತೇವೆ. ಬೀದರ್–ಕಲಬುರಗಿ ಕಡೆಯಿಂದ ವಿಜಯಪುರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 50 ಸಿಂದಗಿಯನ್ನು ಹಾಯುತ್ತದೆ. ದೂರದ ಲಾರಿಯೂ ತರಕಾರಿ ಗಾಡಿಯೂ ಅಲ್ಲಿ ಒಂದೇ ರಸ್ತೆ ಹಂಚಿಕೊಳ್ಳುತ್ತವೆ. ನಿಂಬೆಗೆ ಹೆಸರಾದ ಇಂಡಿಯಲ್ಲಿ ಮಾಲು ಹೇರಿದ ಟೆಂಪೊಗಳ ಸಾಲು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು. ಶ್ರಾವಣದಲ್ಲಿ ಬಸವನ ಬಾಗೇವಾಡಿಗೆ ಬರುವ ಭಕ್ತರ ಗಾಡಿಗಳು. ಮುದ್ದೇಬಿಹಾಳದ ಪೇಟೆಯಲ್ಲಿ ಸುತ್ತಲ ಹಳ್ಳಿಗಳ ಬೈಕು, ಟಂಟಂ. ಎರಡೂ ಬದಿಗೆ ಕಾರು ನಿಂತರೆ ನಡುವೆ ಉಳಿಯುವ ಇಕ್ಕಟ್ಟಿನಲ್ಲಿ ಬೈಕ್ ಸವಾರ ಬಾಗಿಲಿನಿಂದ ಒಂದು ಮೀಟರ್ ದೂರ ಇಡುವುದಾದರೂ ಎಲ್ಲಿ?

ಪಾರ್ಕಿಂಗ್ ಜಾಗ ಗುರುತಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಕೊಟ್ಟಿದೆ. ಸ್ಥಳೀಯ ಪೌರ ಸಂಸ್ಥೆಯೊಡನೆ ಸಮಾಲೋಚಿಸಿ ಸರ್ಕಾರ ಅದನ್ನು ಮಾಡಬೇಕು. ಪೇಟೆ ರಸ್ತೆಗಳಲ್ಲಿ ಒಂದೇ ಬದಿಗೆ ಪಾರ್ಕಿಂಗ್, ಬಿಳಿ ಗೆರೆಯೊಳಗೆ ನಿಲ್ಲಿಸುವ ವ್ಯವಸ್ಥೆ, ಗೆರೆಯಿಂದಾಚೆ ಬಾಗಿಲಿನಷ್ಟು ಅಗಲದ ಪಟ್ಟಿ ಖಾಲಿ ಬಿಡುವುದು, ಶಾಲೆ–ಆಸ್ಪತ್ರೆಯ ಮುಂದೆ ಇಳಿಸಲು ಪ್ರತ್ಯೇಕ ಜಾಗ. ಇವಕ್ಕೆ ಕೋಟಿಗಳು ಬೇಕಿಲ್ಲ.

ಬೇರೆ ದೇಶಗಳಲ್ಲಿ

1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 24ನೇ ವಿಧಿ ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದೆ. ಬೇರೆಯವರಿಗೆ ಅಪಾಯವಿಲ್ಲ ಎಂದು ಖಚಿತಪಡಿಸಿಕೊಳ್ಳದೆ ವಾಹನದ ಬಾಗಿಲು ತೆರೆಯುವುದು, ತೆರೆದೇ ಬಿಡುವುದು, ಇಳಿಯುವುದು ನಿಷಿದ್ಧ. ಬ್ರಿಟನ್ನಿನಲ್ಲಿ ಹಾಗೆ ತೆರೆದು ಅಪಾಯ ಒಡ್ಡುವುದು ಪ್ರತ್ಯೇಕ ಅಪರಾಧ. ಚಾಲಕನಷ್ಟೇ ಅಲ್ಲ, ಯಾರು ತೆರೆದರೂ ಸರಿ. ಜರ್ಮನಿಯ ರಸ್ತೆ ನಿಯಮವೂ ಹತ್ತುವ, ಇಳಿಯುವವರ ಮೇಲೆ ಇದೇ ಹೊಣೆ ಹೊರಿಸಿದೆ. 2022ರ ಜನವರಿಯಲ್ಲಿ ಪರಿಷ್ಕರಿಸಿದ ಬ್ರಿಟನ್ನಿನ ಹೆದ್ದಾರಿ ಸಂಹಿತೆ, ಬಾಗಿಲಿಗೆ ದೂರವಿರುವ ಕೈಯಿಂದ ಅದನ್ನು ತೆರೆಯಿರಿ ಎಂದು ಸಲಹೆ ನೀಡಿದೆ. ನೆದರ್ಲೆಂಡ್ಸಿನಿಂದ ಬಂದ ಅಭ್ಯಾಸ ಅದು. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಎಡಗೈಯಿಂದ ಬಾಗಿಲು ತೆರೆಯಬೇಕು. ಹಾಗೆ ಮಾಡಿದರೆ ಮೈ ತಾನಾಗಿ ಬಲಕ್ಕೆ ಹೊರಳುತ್ತದೆ, ಕಣ್ಣು ಕನ್ನಡಿಗೂ ಹಿಂದಿನ ರಸ್ತೆಗೂ ಬೀಳುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಡ್ರೈವಿಂಗ್ ಸ್ಕೂಲುಗಳು ಮೊದಲ ದಿನವೇ ಕಲಿಸಬಹುದು.

ಕೊನೆಯ ಮಾತು

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಹೀಗಿದೆ. ನಿಂತ ಕಾರಿನ ಬಾಗಿಲು ತೆರೆದಾಗ ಆಗುವ ಅಪಘಾತದಲ್ಲಿ ಮೊದಲ ಹೊಣೆ ತೆರೆದವನದು. ಅಪಾಯ ಹುಟ್ಟಿಸುವವನೂ ಅವನೇ, ಅದನ್ನು ಸುಲಭವಾಗಿ ತಡೆಯಬಲ್ಲವನೂ ಅವನೇ. ಬಾಗಿಲು ಸಾಕಷ್ಟು ಹೊತ್ತಿನಿಂದ ತೆರೆದು ಕಾಣುತ್ತಿತ್ತು ಎಂದು ಸಾಬೀತಾದರೆ ಹೊಣೆ ಬಡಿದವನತ್ತ ಸರಿಯಬೇಕು. ಎರಡರ ನಡುವಿನ ಪ್ರಕರಣಗಳಲ್ಲಿ ತಪ್ಪನ್ನು ಕಣ್ಣುಮುಚ್ಚಿ ಅರ್ಧರ್ಧ ಹಂಚದೆ ಪೆಟ್ಟಿನ ಗುರುತು ಓದಿ ಹಂಚಬೇಕು. ಪೊಲೀಸರು ಇಂಥ ಪಂಚನಾಮೆಯಲ್ಲಿ ಬಾಗಿಲು ಎಷ್ಟು ತೆರೆದಿತ್ತು, ಪೆಟ್ಟು ಒಳಮೈಗೋ ಅಂಚಿಗೋ ಎಂಬುದನ್ನು ತಪ್ಪದೆ ಬರೆಯಬೇಕು.

ಓದುಗರಲ್ಲಿ ಒಂದೇ ಕೋರಿಕೆ. ಕಾರು ನಿಲ್ಲಿಸಿದ ಮೇಲೆ ಕನ್ನಡಿ ನೋಡಿ, ತಿರುಗಿ ನೋಡಿ, ಎಡಗೈಯಿಂದ ಬಾಗಿಲು ತೆರೆಯಿರಿ, ಹಿಂದೆ ಕೂತವರನ್ನು ಎಡಗಡೆಯಿಂದಲೇ ಇಳಿಸಿರಿ. ಬೈಕಿನಲ್ಲಿ ಹೋಗುವಾಗ ನಿಂತ ಕಾರಿನ ಸಾಲಿನಿಂದ ಕೈ ಚಾಚುವಷ್ಟು ದೂರವಿರಿ, ಅಷ್ಟು ಜಾಗವಿಲ್ಲದಿದ್ದರೆ ವೇಗ ಇಳಿಸಿರಿ. ಆದರೂ ಅಪಘಾತವಾಗಿಬಿಟ್ಟರೆ ಜಗಳಕ್ಕೆ ಮೊದಲು 112ಕ್ಕೆ ಕರೆ ಮಾಡಿ, ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿರಿ. ತಪ್ಪು ಯಾರದೆಂದು ಆಮೇಲೆ ನಿರ್ಧರಿಸಲು ಠಾಣೆಯೂ ನ್ಯಾಯಾಲಯವೂ ಇವೆ.